ಕಂಪೈಲರ್‌ಗೆ ದಾರಿ ತೋರಿದ ಗ್ರೇಸ್ ಹಾಪರ್

ಎಂ.ಟೆಕ್. ಲ್ಯಾಬಿನಲ್ಲಿ 8051 ಮೈಕ್ರೋಕಂಟ್ರೋಲರ್‌ನಿಂದ ಒಂದು ಎಲ್‌ಇಡಿ ಮಿನುಗಿಸಲು ನಾನು ಮಧ್ಯಾಹ್ನವಿಡೀ ಅಸೆಂಬ್ಲಿ ಭಾಷೆಯೊಡನೆ ಹೆಣಗಾಡಿದ್ದೆ. ಒಂದು ವಿಳಾಸ ತಪ್ಪಿದರೂ ದೀಪ ಉರಿಯದು. ಮುಂದೆ ಸಿ ಭಾಷೆಯಲ್ಲಿ ಅದೇ ಕೆಲಸ ಹತ್ತು ಸಾಲಿನಲ್ಲಿ ಮುಗಿಯಿತು. ನಡುವೆ ನಿಂತು ಅದನ್ನು ಯಂತ್ರದ ಭಾಷೆಗೆ ತಿರುಗಿಸಿದ್ದು ಕಂಪೈಲರ್. ಆ ಹಾದಿ ತೆರೆದವರಲ್ಲಿ ಮೊದಲಿಗರು ಒಬ್ಬ ಹೆಣ್ಣುಮಗಳು ಎಂದು ತಿಳಿದದ್ದು ಆಮೇಲೆ.

ಗ್ರೇಸ್ ಹಾಪರ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳನೇ ವಯಸ್ಸಿನಲ್ಲಿ ಅಲಾರಂ ಗಡಿಯಾರದ ಗುಟ್ಟು ತಿಳಿಯಲು ಒಂದನ್ನು ಬಿಚ್ಚಿದರು. ಜೋಡಿಸಲು ಬಾರದೆ ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಡಿಬಿಡಿಯಾದವು! ಇನ್ನು ಮುಂದೆ ಒಂದನ್ನು ಮಾತ್ರ ಮುಟ್ಟಬೇಕೆಂದು ತಾಯಿ ಕಟ್ಟು ಮಾಡಿದರು. 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದ ಅವರು ವಾಸರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದರು.

ಯುದ್ಧ ಬಂತು. ವಯಸ್ಸು ಹೆಚ್ಚು, ತೂಕ ಕಡಿಮೆ ಎಂದು ನೌಕಾಪಡೆ ಮೊದಲು ಬೇಡವೆಂದಿತು. ಹಾಪರ್ ಪಟ್ಟು ಬಿಡದೆ ವಿನಾಯಿತಿ ಪಡೆದು ಸೇರಿದರು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಎದುರು ನಿಂತರು. 51 ಅಡಿ ಉದ್ದದ ಆ ಯಂತ್ರ ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕೊಡಬೇಕಿತ್ತು. ಪರೀಕ್ಷಿಸಿದ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೇಕಾದಾಗ ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗಲೇ ತಪ್ಪು ನುಸುಳುತ್ತಿತ್ತು.

1949ರಲ್ಲಿ ಎಕರ್ಟ್–ಮಾಕ್ಲಿ ಕಂಪನಿ ಸೇರಿದ ಮೇಲೆ ಎಂಟರ ಆಧಾರದ ಸಂಖ್ಯೆಗಳಲ್ಲೇ ಮುಳುಗಿದರು. ಚೆಕ್‌ಬುಕ್ಕಿನ ಲೆಕ್ಕ ತಾಳೆಯಾಗದೆ, ಬ್ಯಾಂಕಿನಲ್ಲಿದ್ದ ತಮ್ಮ ನೋಡಿದರೆ, ಅಕ್ಕ ಅಲ್ಲಲ್ಲಿ ಎಂಟರ ಲೆಕ್ಕದಲ್ಲೇ ಕಳೆದುಬಿಟ್ಟಿದ್ದರಂತೆ!

ಈ ನಕಲಿನ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು? 1952ರ ಹೊತ್ತಿಗೆ ಅವರ ಎ-0 ಸಿದ್ಧವಾಯಿತು. ತುಣುಕಿನ ಸಂಖ್ಯೆ ಕೊಟ್ಟರೆ ಸಾಕು, ಕಂಪ್ಯೂಟರ್ ಟೇಪಿನಿಂದ ಅದನ್ನು ಹುಡುಕಿ ಜೋಡಿಸುತ್ತಿತ್ತು. ಕಂಪ್ಯೂಟರ್ ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಂ ಬರೆದೀತೇ ಎಂದು ಬಹಳ ಮಂದಿ ನಂಬಲಿಲ್ಲ. ಹಾಪರ್ ವಾದಕ್ಕಿಂತ ಕೆಲಸದಲ್ಲಿ ಉತ್ತರ ಕೊಟ್ಟರು. ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡಬಹುದಾದ ಫ್ಲೋ-ಮ್ಯಾಟಿಕ್ ಬಂತು. 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್‌ಗೆ ಅದೇ ಬುನಾದಿ. ಡೆನಿಸ್ ರಿಚಿ ಅವರ ಸಿ ಬಂದದ್ದು 1972ರ ಸುಮಾರಿಗೆ.

ಭಾಷಣಗಳಲ್ಲಿ ಹಾಪರ್ ಸುಮಾರು 30 ಸೆಂ.ಮೀ. ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವ ದೂರ ಅಷ್ಟು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಈಗ ನಾನು ಕೋಡ್ ಬರೆದು ಕಂಪೈಲ್ ಒತ್ತಿದಾಗಲೆಲ್ಲ ಆ ಏಳು ಗಡಿಯಾರಗಳು ನೆನಪಾಗುತ್ತವೆ. ಮನೆಯ ಮಗಳು ಏನನ್ನಾದರೂ ಬಿಚ್ಚಿ ಕುಳಿತಿದ್ದರೆ ಗದರಬೇಡಿ ಗೆಳತಿಯರೇ, ಒಂದು ಗಡಿಯಾರವನ್ನಾದರೂ ಕೊಡಿ.