ಅಮೀದ್ ಅರಮನೆಯ ಮೇಸ್ತ್ರಿ ಅಲ್ ಜಝರಿ

ಬೈಕಿನ ಇಂಜಿನ್ನಿನ ಮೇಲಿನ ಕವರ್ ಬಿಚ್ಚಿದರೆ ಒಳಗೆ ಗೇಣುದ್ದವೂ ಇಲ್ಲದ ಒಂದು ಉಕ್ಕಿನ ದಂಡ ಕಾಣುತ್ತದೆ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ದಂಡ ತಿರುಗಿದಾಗ ಉಬ್ಬು ಬಂದು ರಾಕರ್ ಆರ್ಮನ್ನು ತಳ್ಳುತ್ತದೆ. ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಗ್ಯಾರೇಜಿನವರು ಕ್ಯಾಮ್ ಶಾಫ್ಟ್ ಅನ್ನುವುದು ಈ ದಂಡಕ್ಕೆ. ಇಂಜಿನ್ನಿಗೆ ಇನ್ನಷ್ಟು ಎಳೆತ ಬರಲಿ ಅಂತ ಉಬ್ಬು ಜಾಸ್ತಿ ಇರುವ ಕ್ಯಾಮ್ ತರಿಸಿ, ಮನೆಯಲ್ಲೇ ಕೂತು ಹಾಕಲು ಹೊರಡುವ ಹುಡುಗರು ನಮ್ಮಲ್ಲಿ ಇದ್ದಾರೆ. ಮಂಗಳೂರಿನಲ್ಲಿ ಇದ್ದಾರೆ, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಗುಡಗೇರಿಯಂಥ ಊರಿನಲ್ಲೂ ಇರುತ್ತಾರೆ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರು ಸುಮಾರು 800 ವರ್ಷದ ಹಿಂದೆ ಬಾಳಿದ ಒಬ್ಬ ಮೇಸ್ತ್ರಿಯ ಬದುಕನ್ನು ತಿಳಿದಿರುವುದು ಒಳ್ಳೆಯದು.

ಅವರ ಪೂರ್ತಿ ಹೆಸರು ಬದೀಉಝ್ಝಮಾನ್ ಅಬುಲ್ ಇಝ್ಝ್ ಇಬ್ನ್ ಇಸ್ಮಾಯೀಲ್ ಇಬ್ನ್ ರಝ್ಝಾಝ್ ಅಲ್ ಜಝರಿ. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಿನ ಮೇಲ್ಭಾಗದ ಸೀಮೆಗೆ ಅರಬರು ಅಲ್ ಜಝೀರಾ ಅಂತ ಕರೆಯುತ್ತಿದ್ದರು. ಆ ನೆಲದವರಾದ್ದರಿಂದ ಜಝರಿ. ಅವರ ಬಗ್ಗೆ ಇಂದು ಗೊತ್ತಿರುವುದೆಲ್ಲ ಅವರೇ ಬರೆದ ಒಂದು ಗ್ರಂಥದಿಂದ ಬಂದದ್ದು. ಮದುವೆ, ಮಕ್ಕಳು, ಮನೆ, ಆಸ್ತಿ ಯಾವುದನ್ನೂ ಅವರು ಅದರಲ್ಲಿ ಬರೆದಿಲ್ಲ. ಬರೆದದ್ದು ಕೆಲಸದ ಬಗ್ಗೆ ಮಾತ್ರ.

ಹಿಜರಿ 570ರಿಂದ, ಅಂದರೆ ಸುಮಾರು 1174ನೇ ಇಸವಿಯಿಂದ, ಅವರು ಅರ್ತುಕ್ ಮನೆತನದ ದೊರೆಗಳ ಸೇವೆಯಲ್ಲಿದ್ದರು. ಮೊದಲು ತಂದೆ, ಆಮೇಲೆ ಹಿರಿಯ ಮಗ, ಕೊನೆಗೆ ಕಿರಿಯ ಮಗ ನಾಸಿರುದ್ದೀನ್ ಮಹ್ಮೂದ್. ಹೀಗೆ ಒಂದೇ ಮನೆತನಕ್ಕೆ 25 ವರ್ಷ ದುಡಿದರು. ಇವರ ಕೈಯಲ್ಲಿದ್ದ ಊರು ಟೈಗ್ರಿಸ್ ದಡದ ಅಮೀದ್. ಇಂದಿನ ತುರ್ಕಿಯ ದಿಯಾರ್‌ಬಕಿರ್ ಅದೇ. ಅಲ್ಲಿನ ಕಪ್ಪು ಕಲ್ಲಿನ ಕೋಟೆ ಗೋಡೆ ಇವತ್ತಿಗೂ ನಿಂತಿದೆ. ಆ ಅರಮನೆಗೆ ಬೇಕಾದ ಹಿತ್ತಾಳೆಯ ಎರಕದ ಬಾಗಿಲು, ನೀರಿನ ಗಡಿಯಾರ, ಕಾರಂಜಿ, ನೀರೆತ್ತುವ ಯಂತ್ರ ಎಲ್ಲವೂ ಜಝರಿಯವರ ಕೆಲಸ.

ದೊರೆ ಮಹ್ಮೂದರಿಗೆ ತಮ್ಮ ವುಝೂ ಹೊತ್ತಿನಲ್ಲಿ ಆಳೊಬ್ಬರು ಬಂದು ಕೈಗೆ ನೀರು ಹೊಯ್ಯುವುದು ಇಷ್ಟವಿರಲಿಲ್ಲ. ಬೇರೇನಾದರೂ ಮಾಡಿಕೊಡಿ ಅಂತ ಕೇಳಿದರು. ಜಝರಿಯವರು ತಾನಾಗಿಯೇ ನೀರು ಸುರಿಯುವ ಒಂದು ಬೊಂಬೆಯನ್ನು ಮಾಡಿಕೊಟ್ಟರು. ಒಬ್ಬರ ಚಿಕ್ಕ ಕಿರಿಕಿರಿಯನ್ನು ಗಮನವಿಟ್ಟು ಕೇಳಿ ಅದಕ್ಕೆ ತಕ್ಕ ಯಂತ್ರ ಹುಡುಕುವುದು ಅವರ ದಿನದ ಕೆಲಸವಾಗಿತ್ತು.

ಈ ಯಂತ್ರಗಳ ವಿದ್ಯೆ ಮೇಸ್ತ್ರಿಯ ಜೊತೆಗೇ ಮಣ್ಣಾಗಬಾರದು, ಬರೆದಿಡಿ ಅಂತ ದೊರೆ ಒತ್ತಾಯಿಸಿದರು. 1206ರಲ್ಲಿ ಗ್ರಂಥ ಮುಗಿಯಿತು. ಅದರಲ್ಲಿ 50 ಯಂತ್ರಗಳಿವೆ, ಆರು ಭಾಗಗಳಲ್ಲಿ. ಆನೆಯ ಆಕಾರದ ಗಡಿಯಾರ ಅದರಲ್ಲೇ ಬರುತ್ತದೆ. ನಾಲ್ಕು ಫಲಕ ಹೊಂದಿಸಿದರೆ ತೆರೆಯುವ ಬೀಗವೂ ಅದರಲ್ಲೇ ಇದೆ.

ಕ್ಯಾಮ್ ಶಾಫ್ಟಿನ ಮಾತು ಬರುವುದು ಅವರ ಕೋಟೆ ಗಡಿಯಾರದಲ್ಲಿ. ಅದರ ಮುಂದೆ ಐದು ಬೊಂಬೆ ವಾದ್ಯಗಾರರು: ಇಬ್ಬರು ಡೋಲಿನವರು, ಇಬ್ಬರು ಕಹಳೆಯವರು, ಒಬ್ಬ ತಾಳದವ. ಒಳಗೆ ಅಡಗಿಸಿಟ್ಟ ನೀರಿನ ಚಕ್ರಕ್ಕೆ ಒಂದು ದಂಡ, ದಂಡದ ಮೇಲೆ ಗೂಟಗಳು. ಚಕ್ರ ತಿರುಗಿದಾಗ ಗೂಟ ಬಂದು ಸನ್ನೆಕೋಲನ್ನು ಒತ್ತುತ್ತದೆ, ಬೊಂಬೆಯ ಕೈ ಏಳುತ್ತದೆ. ಗೂಟ ದಾಟಿದರೆ ಕೈ ಬಿದ್ದು ಡೋಲು ಬಾರಿಸುತ್ತದೆ. ಬೈಕಿನ ಕ್ಯಾಮ್ ಮಾಡುವುದೂ ಇಷ್ಟೇ. ಡೋಲಿನ ಬದಲು ಅಲ್ಲಿ ವಾಲ್ವ್ ಇದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕ್ಯಾಮನ್ನು ಜಗತ್ತಿನಲ್ಲಿ ಮೊಟ್ಟಮೊದಲು ಕಂಡುಹಿಡಿದವರು ಜಝರಿ ಅಂತ ಮೊಬೈಲಿನಲ್ಲಿ ಸಂದೇಶಗಳು ಓಡಾಡುತ್ತವೆ. ಅದು ಸರಿಯಲ್ಲ. ಹೀಗೆ ಎತ್ತಿ ಬಿಡುವ ಗೂಟವನ್ನು ಅವರಿಗಿಂತ ಎಷ್ಟೋ ಮೊದಲೇ ಗ್ರೀಕರೂ ಚೀನೀಯರೂ ಬಳಸಿದ್ದರು. ಜಝರಿಯವರೇ ತಮ್ಮ ಗ್ರಂಥದಲ್ಲಿ ಹಿಂದಿನವರ ಋಣವನ್ನು ಒಪ್ಪಿಕೊಂಡಿದ್ದಾರೆ. 9ನೇ ಶತಮಾನದ ಬಗ್ದಾದಿನ ಬನೂ ಮೂಸಾ ಸಹೋದರರ ಹೆಸರು ಹೇಳಿದ್ದಾರೆ, ಗಡಿಯಾರದ ವಿದ್ಯೆಗೆ ಆರ್ಕಿಮಿಡೀಸರ ಹೆಸರು ಹೇಳಿದ್ದಾರೆ. ಅವರೇ ಹೇಳಿಕೊಳ್ಳದ ಮಾತನ್ನು ನಾವು ಅವರ ತಲೆಗೆ ಕಟ್ಟಿದರೆ ಅವರಿಗೆ ಗೌರವ ಹೆಚ್ಚುವುದಿಲ್ಲ.

ಅವರ ನಿಜವಾದ ದೊಡ್ಡತನ ಬೇರೆ ಕಡೆ ಇದೆ. ಹಿಂದಿನವರು ಬರೆದದ್ದನ್ನು ಅವರು ಹಾಗೇ ನಂಬಲಿಲ್ಲ. ಕೈಯಿಂದ ಮಾಡಿ ನೋಡದ ವಿದ್ಯೆ ಸರಿಯೋ ತಪ್ಪೋ ಎಂಬ ಅನುಮಾನದಲ್ಲೇ ಉಳಿಯುತ್ತದೆ ಎಂಬುದು ಅವರ ನಿಲುವಾಗಿತ್ತು. ಆ ಕಾಲದಲ್ಲಿ ಹಗಲನ್ನು ಯಾವಾಗಲೂ 12 ಪಾಲು ಮಾಡುತ್ತಿದ್ದರು. ಬೇಸಿಗೆಯಲ್ಲಿ ಒಂದು ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಾಗಾಗಿ ಗಡಿಯಾರದ ನೀರಿನ ಹರಿವನ್ನು ದಿನದಿನವೂ ಬದಲಾಯಿಸಬೇಕಿತ್ತು. ಇದಕ್ಕೆ ಹಿಂದಿನವರು ಹೇಳಿದ್ದ ಸಾಧನವನ್ನು ಜಝರಿಯವರು ಮಾಡಿ ನೋಡಿದರು, ಲೆಕ್ಕ ತಪ್ಪುತ್ತಿತ್ತು. ಅದನ್ನು ಬಿಟ್ಟು, ಮತ್ತೆ ಮತ್ತೆ ನೀರು ಹರಿಸಿ ಅಳೆದು, ತಮ್ಮದೇ ಗುರುತುಗಳನ್ನು ಹಾಕಿದರು.

ದೊಡ್ಡ ಯಂತ್ರ ಮಾಡುವ ಮೊದಲು ಕಾಗದದಲ್ಲಿ ಮಾದರಿ ಕತ್ತರಿಸಿ ನೋಡುತ್ತಿದ್ದರು. ಮರ ಸೊಟ್ಟಗಾಗದಂತೆ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸುತ್ತಿದ್ದರು. ಚಕ್ರವನ್ನು ಕೂರಿಸುವ ಮೊದಲು ತೂಕ ಎಲ್ಲ ಕಡೆಗೂ ಸಮವಾಗಿದೆಯೇ ಅಂತ ಪರೀಕ್ಷಿಸುತ್ತಿದ್ದರು. ನೀರು ಸೋರಬಾರದ ವಾಲ್ವಿಗೆ ಅವರು ಹೇಳಿದ ವಿಧಾನವನ್ನಂತೂ ನಮ್ಮ ಮೆಕ್ಯಾನಿಕ್ ಹುಡುಗರು ಓದಿದ ಕೂಡಲೇ ಗುರುತು ಹಿಡಿಯುತ್ತಾರೆ. ವಾಲ್ವನ್ನು ಅದರ ಸೀಟಿನಲ್ಲೇ ಇಟ್ಟು, ನಡುವೆ ಕುರುಂದದ ಪುಡಿ ಹಾಕಿ, ಎರಡೂ ಒಂದಕ್ಕೊಂದು ಕೂಡಿಕೊಳ್ಳುವ ತನಕ ತಿರುಗಿಸಿ ತಿರುಗಿಸಿ ಉಜ್ಜಬೇಕು. ಇವತ್ತು ಇಂಜಿನ್ ಹೆಡ್ ಬಿಚ್ಚಿದಾಗ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕಡ್ಡಿಯನ್ನು ಅಂಗೈಗಳ ನಡುವೆ ಹೊಸೆಯುತ್ತಾ ಮಾಡುವುದು ಇದೇ ಕೆಲಸ. 1206ರಲ್ಲಿ ಬರೆದಿಟ್ಟ ಕ್ರಮ ಇನ್ನೂ ಬದಲಾಗಿಲ್ಲ.

ನೀರೆತ್ತುವ ಯಂತ್ರಗಳಲ್ಲಿ ಒಂದಕ್ಕೆ ಎರಡು ತಾಮ್ರದ ಸಿಲಿಂಡರ್, ಎದುರುಬದುರು. ಒಂದರಲ್ಲಿ ಪಿಸ್ಟನ್ ನೀರನ್ನು ಒಳಗೆಳೆಯುವಾಗ ಇನ್ನೊಂದರಲ್ಲಿ ಹೊರಗೆ ತಳ್ಳುತ್ತದೆ. ನೀರು ಬರುವ ದಾರಿಗೊಂದು ವಾಲ್ವ್, ಹೋಗುವ ದಾರಿಗೊಂದು ವಾಲ್ವ್. ಚಕ್ರ ತಿರುಗುವ ಚಲನೆಯನ್ನು ಪಿಸ್ಟನ್ ಹಿಂದೆ ಮುಂದೆ ಓಡುವ ಚಲನೆಯಾಗಿ ಬದಲಿಸಿದ್ದರು. ಬೆಂಕಿ, ಪೆಟ್ರೋಲು ಎರಡೂ ಇಲ್ಲದ ಆ ಯಂತ್ರದ ಚಿತ್ರ ನೋಡಿದರೆ ಇಂಜಿನ್ ಬಿಚ್ಚಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಕ್ಯಾಮ್ ಬದಲಿಸುವವರಿಗೆ ಜಝರಿಯವರ ಈ ಅಭ್ಯಾಸ ಯಾಕೆ ಬೇಕು? ಉಬ್ಬು ಜಾಸ್ತಿಯಾದರೆ ವಾಲ್ವ್ ಮೊದಲಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಮೇಲೆ ಬರುವ ಪಿಸ್ಟನ್ನಿಗೆ ತಾಗಿದರೆ ವಾಲ್ವ್ ಬಾಗುತ್ತದೆ, ಪಿಸ್ಟನ್ ಒಡೆಯುತ್ತದೆ. ಹಳೆಯ ಸ್ಪ್ರಿಂಗ್ ಪೂರ್ತಿ ಅದುಮಿ ಸುರುಳಿಗಳು ಒಂದಕ್ಕೊಂದು ಅಂಟಿದರೂ ಅಪಾಯವೇ. ಪೆಟ್ಟಿಗೆಯ ಮೇಲೆ ಹೊಂದುತ್ತದೆ ಅಂತ ಬರೆದಿದ್ದರೆ ಸಾಕು ಅಂತ ತಿಳಿಯಬಾರದು. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳು ಆಡುವ ಮೆತ್ತನೆ ಕ್ಲೇ ಸ್ವಲ್ಪ ಇಟ್ಟು, ಹೆಡ್ ಕೂರಿಸಿ, ಟೈಮಿಂಗ್ ಗುರುತು ಹೊಂದಿಸಿ, ಇಂಜಿನ್ನನ್ನು ಕೈಯಿಂದಲೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಬರುತ್ತದೆ. ಮಧ್ಯದಲ್ಲಿ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬಾರದು, ಅಲ್ಲೇ ನಿಲ್ಲಿಸಬೇಕು. ಮತ್ತೆ ಬಿಚ್ಚಿ, ಕ್ಲೇ ಎಷ್ಟು ದಪ್ಪ ಉಳಿದಿದೆ ಅಂತ ಅಳೆದರೆ ಎಷ್ಟು ಜಾಗ ಇದೆ ಅಂತ ಗೊತ್ತಾಗುತ್ತದೆ. ಜಝರಿಯವರ ಕಾಗದದ ಮಾದರಿಗೂ ಈ ಕ್ಲೇಗೂ ಉದ್ದೇಶ ಒಂದೇ. ಲೋಹ ಒಡೆಯುವ ಮೊದಲು ಮೆತ್ತನೆಯ ವಸ್ತುವಿನಲ್ಲಿ ತಪ್ಪನ್ನು ನೋಡಿಬಿಡುವುದು.

ಗುಡಗೇರಿಯಂಥ ಊರಿನಲ್ಲಿ ಕೆಲಸ ಕೆಟ್ಟರೆ ಹೆಡ್ ಹೊತ್ತುಕೊಂಡು ರೈಲಿನಲ್ಲೋ ಬಸ್ಸಿನಲ್ಲೋ ಹುಬ್ಬಳ್ಳಿಯ ಲೇತ್ ಅಂಗಡಿಗೆ ಹೋಗಬೇಕಾಗುತ್ತದೆ. ಆ ಹುಡುಗನಿಗೆ ಕ್ಲೇ ತುಂಡು, ಫೀಲರ್ ಗೇಜ್, ಅಳತೆ ಬರೆದಿಡುವ ಒಂದು ನೋಟ್‌ಬುಕ್ ಇವು ಮೂರೂ ಹೊಸ ಕ್ಯಾಮಿಗಿಂತ ಹೆಚ್ಚು ಬೆಲೆಯುಳ್ಳವು.

1206ರಲ್ಲೇ ಪ್ರತಿ ಮಾಡಿದ ಜಝರಿಯವರ ಗ್ರಂಥದ ಹಸ್ತಪ್ರತಿಯೊಂದು ಇಸ್ತಾಂಬುಲಿನ ಟೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ಆ ವರ್ಷದ ನಂತರ ಅವರ ಬದುಕಿನ ಸುದ್ದಿ ಎಲ್ಲೂ ಇಲ್ಲ. 1974ರಲ್ಲಿ ಡೊನಾಲ್ಡ್ ಹಿಲ್ ಎಂಬ ಬ್ರಿಟಿಷ್ ಇಂಜಿನಿಯರ್ ಗ್ರಂಥವನ್ನು ಇಂಗ್ಲಿಷಿಗೆ ತಂದರು. ಅಳತೆ, ಲೋಹ, ಜೋಡಣೆಯ ಕ್ರಮ ಎಲ್ಲವನ್ನೂ ಜಝರಿಯವರು ಮುಚ್ಚಿಡದೆ ಬರೆದಿದ್ದರಿಂದ ನಮ್ಮ ಕಾಲದವರು ಆ ಯಂತ್ರಗಳನ್ನು ಮತ್ತೆ ಕಟ್ಟಿ ನಡೆಸಲು ಸಾಧ್ಯವಾಯಿತು. ದುಬೈಯ ಇಬ್ನ್ ಬತೂತಾ ಮಾಲಿನಲ್ಲಿ ಅವರ ಆನೆ ಗಡಿಯಾರದ ದೊಡ್ಡ ಪ್ರತಿಕೃತಿ ಇದೆ. ಅಲ್ಲಿ ದುಡಿಯುವ ನಮ್ಮವರು ಎಷ್ಟೋ ಮಂದಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರಬಹುದು.

ಮಗ ಓದಲಿಲ್ಲ, ಬರೀ ಮೆಕ್ಯಾನಿಕ್ ಆದ ಅಂತ ಬೇಸರಪಡುವ ಮನೆಗಳು ಇನ್ನೂ ಇವೆ. ಮದುವೆ ಮಾತುಕತೆಯಲ್ಲಿ ಆ ಕೆಲಸದ ಹೆಸರು ಹೇಳಲು ಹಿಂಜರಿಯುವವರೂ ಇದ್ದಾರೆ. ಅಲ್ ಜಝರಿಯವರು ಕೈಗೆ ಮಸಿ, ಕುರುಂದದ ಪುಡಿ ಮೆತ್ತಿಕೊಂಡು ದುಡಿದವರು. ಅಂಥವರನ್ನು ಮೂವರು ದೊರೆಗಳು 25 ವರ್ಷ ತಮ್ಮ ಬಳಿ ಇಟ್ಟುಕೊಂಡರು, ಅವರ ವಿದ್ಯೆಯನ್ನು ಕೇಳಿ ಬರೆಸಿಕೊಂಡರು. ಮನೆಯ ಹುಡುಗ ಇಂಜಿನ್ ಬಿಚ್ಚಿ ಕೂತಿದ್ದರೆ ಬೈಯುವ ಮೊದಲು, ಅಳತೆ ಬರೆದಿಟ್ಟಿದ್ದೀಯಾ ಅಂತ ಒಮ್ಮೆ ಕೇಳಿ ನೋಡಿ.