ಕುದ್ಮುಲ್ ರಂಗರಾವ್: ನ್ಯಾಯವನ್ನು ಮನೆಯೊಳಗೂ ತಂದ ವಕೀಲ

ಮಂಗಳೂರಿನ ಪುರಭವನಕ್ಕೆ ಇಂದು ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಅವರು ಬದುಕಿದ್ದಾಗ ಇದೇ ಊರಿನಲ್ಲಿ ಸ್ವಜಾತಿಯವರೇ ಅವರನ್ನು ಬಹಿಷ್ಕರಿಸಿದ್ದರು.

1859ರಲ್ಲಿ ಕಾಸರಗೋಡಿನ ಕುದ್ಮುಲ್‌ನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾವ್, ಮಂಗಳೂರಿನಲ್ಲಿ ಶಿಕ್ಷಕರಾಗಿ, ಬಳಿಕ ವಕೀಲರಾಗಿ ಹೆಸರು ಮಾಡಿದರು. ದಲಿತ ಮಕ್ಕಳನ್ನು ಯಾರೂ ಶಾಲೆಗೆ ಸೇರಿಸಿಕೊಳ್ಳದ ಕಾಲವದು. ಅವರಿಗಾಗಿಯೇ ರಂಗರಾವ್ ಶಾಲೆ ತೆರೆದರು. ಮೇಲ್ಜಾತಿಯ ಶಿಕ್ಷಕರು ಪಾಠ ಮಾಡಲು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿದರು. ಹಸಿದ ಮಕ್ಕಳು ಶಾಲೆ ಬಿಡಬಾರದೆಂದು ಮಧ್ಯಾಹ್ನದ ಊಟವನ್ನೂ ಕೊಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ವಿದ್ಯೆಯ ಜೊತೆಗೆ ಕಸುಬಿನ ತರಬೇತಿಯನ್ನೂ ಕೊಡಿಸಿದರು.

ಊರಿಗೆ ಹೇಳಿದ್ದನ್ನು ಮನೆಯಲ್ಲೂ ನಡೆಸಿದವರು ಅವರು. ಮಗಳು ರಾಧಾಬಾಯಿ ಅವರ ಮದುವೆಯನ್ನು ಬೇರೆ ಜಾತಿಯ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಸಿದರು. ಅಳಿಯ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದರು.

ರಂಗರಾವ್ ನಿಧನರಾದದ್ದು 1928ರ ಜನವರಿ 30ರಂದು. ತಮ್ಮ ಶವಕ್ಕೆ ದಲಿತರೇ ಹೆಗಲು ಕೊಡಬೇಕು ಎಂಬುದು ಅವರ ಕೊನೆಯ ಆಸೆಯಾಗಿತ್ತು. ಶಾಲೆ ಕಟ್ಟಿದ್ದು, ಊಟ ಹಾಕಿದ್ದು ಉದಾರತೆ ಎನ್ನಬಹುದು. ಆದರೆ ತಾವು ಯಾರಿಗೆ ಕೊಟ್ಟರೋ ಅವರ ಹೆಗಲನ್ನೇ ಕೊನೆಗೆ ಬೇಡಿದ್ದರಲ್ಲಿ ಅವರ ಪ್ರೀತಿ ಕಾಣುತ್ತದೆ.