ಮುಖವಾಡ ಕಳಚಿದವನ ಮುಖವಾಡಗಳು

1973ರ ಜುಲೈ 20ರಂದು ಹಾಂಕಾಂಗ್‌ನಲ್ಲಿ ಬ್ರೂಸ್ ಲೀ ತೀರಿಕೊಂಡಾಗ ಆತನಿಗೆ ಕೇವಲ 32 ವರ್ಷ. ಮಿದುಳು ಊದಿಕೊಂಡದ್ದು ಸಾವಿಗೆ ಕಾರಣವಾಗಿತ್ತು. ಆತನನ್ನು ಜಗತ್ತಿಗೆಲ್ಲ ಪರಿಚಯಿಸಿದ ‘ಎಂಟರ್ ದಿ ಡ್ರ್ಯಾಗನ್’ ಆಗಿನ್ನೂ ತೆರೆ ಕಂಡಿರಲಿಲ್ಲ. ಜಗತ್ತು ಆತನಿಗಾಗಿ ಹಂಬಲಿಸತೊಡಗಿದಾಗ ಆತನೇ ಇರಲಿಲ್ಲ. ಆ ಹಂಬಲವನ್ನು ಕಾಸಾಗಿಸಲು ಹಾಂಕಾಂಗ್, ತೈವಾನ್‌ಗಳ ನಿರ್ಮಾಪಕರು ಕಂಡುಕೊಂಡ ದಾರಿ ಸರಳವಾಗಿತ್ತು: ಸತ್ತವನನ್ನು ಮತ್ತೆ ತಯಾರಿಸುವುದು.

ವಿಪರ್ಯಾಸವೆಂದರೆ, ತನ್ನ ಮುಖಕ್ಕೊಂದು ಗುರುತು ದಕ್ಕಿಸಿಕೊಳ್ಳುವುದೇ ಲೀಯ ಬದುಕಿನ ಹೋರಾಟವಾಗಿತ್ತು. 1940ರ ನವೆಂಬರ್ 27ರಂದು, ಗೀತನಾಟಕದ ನಟನಾಗಿದ್ದ ತಂದೆ ಪ್ರದರ್ಶನಕ್ಕೆಂದು ಹೋಗಿದ್ದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆತ ಜನಿಸಿದ. ಬೆಳೆದದ್ದು ಹಾಂಕಾಂಗ್‌ನಲ್ಲಿ. ಬಾಲನಟನಾಗಿ ದುಡಿದ, ಬೀದಿಯಲ್ಲಿ ಹೊಡೆದಾಡಿದ, ಇಪ್ ಮ್ಯಾನ್ ಬಳಗದಲ್ಲಿ ವಿಂಗ್ ಚುನ್ ಕಲಿತ. 1958ರಲ್ಲಿ ಚಾ-ಚಾ ನೃತ್ಯ ಸ್ಪರ್ಧೆಯನ್ನೂ ಗೆದ್ದ. ಮರುವರ್ಷ ಅಮೆರಿಕಕ್ಕೆ ತೆರಳಿ, ಸಿಯಾಟಲ್‌ನ ಹೋಟೆಲೊಂದರಲ್ಲಿ ಮಾಣಿಯಾಗಿದ್ದುಕೊಂಡು ಓದು ಮುಂದುವರಿಸಿದ. ವಿಶ್ವವಿದ್ಯಾಲಯದಲ್ಲಿ ಆತನನ್ನು ಸೆಳೆದದ್ದು ತತ್ವಶಾಸ್ತ್ರ. ಚೀನೀಯರಲ್ಲದವರಿಗೂ ಕುಂಗ್ ಫೂ ಕಲಿಸಿದ.

ಹಾಲಿವುಡ್ ಕೊಟ್ಟದ್ದೇನು? 1966ರ ‘ಗ್ರೀನ್ ಹಾರ್ನೆಟ್’ ಧಾರಾವಾಹಿಯಲ್ಲಿ ಕಣ್ಣಿಗೆ ಮುಖವಾಡ ತೊಟ್ಟ ಕಾರು ಚಾಲಕನ ಪಾತ್ರ. 1972ರ ‘ಕುಂಗ್ ಫೂ’ ಧಾರಾವಾಹಿಯ ಶಾವೊಲಿನ್ ಸನ್ಯಾಸಿಯ ಪಾತ್ರ ಡೇವಿಡ್ ಕ್ಯಾರಡೀನ್ ಎಂಬ ಬಿಳಿಯ ನಟನ ಪಾಲಾಯಿತು. ಅಷ್ಟರಲ್ಲಿ ಲೀ ಹಾಂಕಾಂಗ್‌ಗೆ ಮರಳಿ 1971ರಲ್ಲಿ ‘ದಿ ಬಿಗ್ ಬಾಸ್’, 1972ರಲ್ಲಿ ‘ಫಿಸ್ಟ್ ಆಫ್ ಫ್ಯೂರಿ’ ಮಾಡಿದ್ದ. ಎರಡೂ ಅಲ್ಲಿನ ಗಳಿಕೆಯ ದಾಖಲೆಗಳನ್ನು ಮುರಿದವು. ಮುಖವಾಡ ಕಳಚಿತ್ತು.

ಮರಣಾನಂತರ ಅದೇ ಮುಖ ಇತರರಿಗೆ ಮುಖವಾಡವಾಯಿತು. ತೈವಾನ್‌ನ ಹೋ ಚುಂಗ್-ತಾವೊ ‘ಬ್ರೂಸ್ ಲಿ’ ಆದ. ಇನ್ನೊಬ್ಬ ‘ಬ್ರೂಸ್ ಲೆ’. ಮತ್ತೊಬ್ಬ ‘ಡ್ರ್ಯಾಗನ್ ಲೀ’. ಹೆಸರಿನ ಕಾಗುಣಿತ ಕೊಂಚ ತಿದ್ದಿದರೆ ಹೊಸ ನಾಯಕ ಸಿದ್ಧ! 1977ರ ಚಿತ್ರವೊಂದು ಲೀಯನ್ನು ಯಮಲೋಕಕ್ಕೆ ಕಳುಹಿಸಿ ಡ್ರಾಕುಲಾ, ಜೇಮ್ಸ್ ಬಾಂಡ್‌ರ ಜೊತೆ ಹೊಡೆದಾಡಿಸಿತು. ಇನ್ನೊಂದರಲ್ಲಿ ವಿಜ್ಞಾನಿಯೊಬ್ಬ ಲೀಯ ಶವದಿಂದ ಮೂವರು ತದ್ರೂಪಿಗಳನ್ನು ಸೃಷ್ಟಿಸಿದ. ಅಗ್ಗದ ಚಿತ್ರಗಳನ್ನಷ್ಟೇ ದೂರಿ ಫಲವಿಲ್ಲ. ಲೀ ಅರ್ಧಕ್ಕೆ ಬಿಟ್ಟಿದ್ದ ‘ಗೇಮ್ ಆಫ್ ಡೆತ್’ 1978ರಲ್ಲಿ ಬದಲಿ ನಟರೊಂದಿಗೆ ಹೊರಬಂದಾಗ, ಆತನ ನಿಜವಾದ ಅಂತ್ಯಕ್ರಿಯೆಯ ದೃಶ್ಯವನ್ನೇ ಕಥೆಗೆ ಸೇರಿಸಲಾಗಿತ್ತು.

ಈ ಚಿತ್ರಗಳಲ್ಲಿ ಲೀಯ ಕೂಗಿತ್ತು, ಹೆಬ್ಬೆರಳಿನಿಂದ ಮೂಗು ಒರೆಸಿಕೊಳ್ಳುವ ಭಂಗಿಯಿತ್ತು, ಹಳದಿ ಉಡುಪಿತ್ತು. ಇಲ್ಲದಿದ್ದುದು ಆತನ ವಿಚಾರ. ಲೀ ರೂಪಿಸಿದ ‘ಜೀತ್ ಕುನ್ ಡೋ’ದ ತಿರುಳೇ ಸಿದ್ಧ ಭಂಗಿಗಳ ನಿರಾಕರಣೆ: ಬೇಕಾದುದನ್ನು ಹೀರಿಕೊಂಡು, ಬೇಡದ್ದನ್ನು ಬಿಟ್ಟು, ತನ್ನದನ್ನು ಸೇರಿಸುವುದು. ಅನುಕರಣೆಯನ್ನು ಒಪ್ಪದವನೇ ಅನುಕರಣೆಯ ಅಚ್ಚಾಗಿಬಿಟ್ಟ.

ಲೀಯ ಚಿತ್ರಗಳಲ್ಲಿ ಸಾಹಸ ಸಹಾಯಕನಾಗಿದ್ದ ಜಾಕಿ ಚಾನ್‌ನನ್ನೂ 1976ರಲ್ಲಿ ಹೊಸ ಬ್ರೂಸ್ ಲೀಯಾಗಿಸುವ ಯತ್ನ ನಡೆದು ಸೋತಿತು. ಎರಡು ವರ್ಷಗಳ ಬಳಿಕ ಆತ ಪೆಟ್ಟು ತಿಂದು ನಗಿಸುವ ನಾಯಕನಾಗಿ ಗೆದ್ದ. ಲೀಯಂತೆ ಕಾಣುವುದನ್ನು ಬಿಟ್ಟುಕೊಟ್ಟವನೇ ಲೀಯ ಪಾಠವನ್ನು ಸರಿಯಾಗಿ ಕಲಿತಿದ್ದ.